ಅಂಟಿಸಿದ ಪುಟಗಳು

"ಮನುಷ್ಯನ ಕಣ್ಣು ನೋಡಿ ಟೀಚರ್. ಇಷ್ಟು ನಾಜೂಕಿನ ಕೆಲಸ ತನ್ನಷ್ಟಕ್ಕೇ ಆದದ್ದಾ? ಮಾಡಿದವನು ಒಬ್ಬ ಇದ್ದಾನೆ," ಎಂದರು ಕ್ರೈಸ್ತ ಸಭೆಯ ಹಿರಿಯ ಸಾಲಿನ್ಸರು. ಚರ್ಚ್ ಶಾಲೆಯ ಆಡಳಿತ ಸಮಿತಿಯ ಮುಂದೆ ವಿಜ್ಞಾನದ ಟೀಚರ್ ನಿಂತೇ ಇದ್ದರು. ಯಾರೂ ಕುರ್ಚಿ ತೋರಿಸಿರಲಿಲ್ಲ.

"ಇದ್ದಾನೆ. ನಾನೂ ಅವನಿಗೇ ಪ್ರಾರ್ಥನೆ ಮಾಡುವುದು. ನಿಧಾನಕ್ಕೆ ಮಾಡಿದ ಅಂತ ಮಾತ್ರ ನಾನು ಹೇಳುವುದು."

"ಬೈಬಲಿನ ಆದಿಕಾಂಡದಲ್ಲಿ ಆರು ದಿನ ಅಂತ ಉಂಟು."

"ಸೂರ್ಯನನ್ನು ಮಾಡಿದ್ದು ನಾಲ್ಕನೇ ದಿನ ಅಂತಲೂ ಉಂಟು. ಮೊದಲ ಮೂರು ದಿನ ಎಷ್ಟೆಷ್ಟು ಗಂಟೆಯದ್ದು?"

ಪಕ್ಕದಲ್ಲಿ ಕುಳಿತಿದ್ದ ಚರ್ಚಿನ ಸಭಾಪಾಲಕರು ಕೆಮ್ಮಿದರು. ಸಾಲಿನ್ಸರು ರಾಜೀನಾಮೆಯ ಕಾಗದವನ್ನು ಮುಂದಕ್ಕೆ ತಳ್ಳಿದರು. "ನನ್ನ ಮೊಮ್ಮಗಳು ನಿಮ್ಮ ಕ್ಲಾಸಲ್ಲಿದ್ದಾಳೆ. ಆ ವಿಕಾಸದ ಪಾಠ ಅವಳ ಕಣ್ಣಿಗೆ ಬೀಳಬಾರದು. ಇಲ್ಲದಿದ್ದರೆ ಇದಕ್ಕೆ ಸೈನ್ ಹಾಕಿ."

ಟೀಚರ್ ಸೈನ್ ಹಾಕದೆ ಕಾಗದವನ್ನು ಹಿಂದಕ್ಕೆ ಸರಿಸಿದರು. "ಆ ಪುಟಗಳನ್ನು ಅಂಟಿಸಿಬಿಡುತ್ತೇನೆ. ಎಲ್ಲ ಮಕ್ಕಳ ಪುಸ್ತಕದಲ್ಲೂ," ಎಂದರು ತಲೆ ತಗ್ಗಿಸಿ.

ಮರುದಿನ ಸಂಜೆ ಸಾಲಿನ್ಸರು ಮೊಮ್ಮಗಳ ಪುಸ್ತಕವನ್ನು ತಾವೇ ತೆರೆದು ನೋಡಿದರು. ಮೈದಾ ಅಂಟಿನಲ್ಲಿ ಎಂಟು ಪುಟ ಸೇರಿ ಒಂದೇ ರಟ್ಟಿನಂತಾಗಿತ್ತು. ಅವರಿಗೆ ಸಮಾಧಾನವಾಯಿತು.

ಬೆಳಿಗ್ಗೆ ಚಹಾಕ್ಕೆಂದು ಅಡುಗೆಮನೆಗೆ ಬಂದರೆ, ಓದು ಎಂದರೆ ಮುಖ ಸಿಂಡರಿಸುತ್ತಿದ್ದ ಹುಡುಗಿ ಇಡ್ಲಿ ಪಾತ್ರೆಯ ಹಬೆಗೆ ಪುಸ್ತಕ ಹಿಡಿದು, ಒಂದೊಂದೇ ಪುಟ ಬಿಡಿಸಿ ಓದುತ್ತಿದ್ದಳು.

"ಇದನ್ನು ಯಾರು ಹೇಳಿಕೊಟ್ಟದ್ದು ನಿನಗೆ?"

"ಯಾರೂ ಇಲ್ಲ ಅಜ್ಜ. ಹಬೆ ತಾಗಿಸಬೇಡಿ, ಅಂಟು ಬಿಟ್ಟುಹೋಗ್ತದೆ ಅಂತ ಟೀಚರ್ ಮೂರು ಸಲ ಹೇಳಿದ್ದಾರೆ."