ತಗಡಿನ ಶೆಡ್ಡಿನ ವಿಮಾನ

“ಅತ್ತೆಗೆ ಎಪ್ಪತ್ತು ದಾಟಿದೆ ಸಾರ್. ಆ ಹಳೇ ವಿಮಾನ ರಿಪೇರಿ ಮಾಡಿಸಿ ಮತ್ತೆ ಹಾರಿಸ್ತೀನಿ ಅಂತ ಹಟ ಹಿಡಿದಿದಾರೆ. ಆಗಲ್ಲ ಅಂದ್ಬಿಡಿ,” ಎಂದು ಊರಿಂದ ಕಾರಿನಲ್ಲಿ ಕರೆತಂದ ಸೋದರಳಿಯ ದಾರಿಯುದ್ದಕ್ಕೂ ಗೋಗರೆದಿದ್ದ. ಹಳೆಯ ವಿಮಾನಗಳನ್ನು ಪರೀಕ್ಷಿಸುವ ಭೋಜರಾಜರು ಹೂಂ ಅಂದುಬಿಟ್ಟಿದ್ದರು.

ಬಯಲಿನ ಅಂಚಿನ ಶೆಡ್ಡಿನಲ್ಲಿತ್ತು, ಹುಲ್ಲುನೆಲದ ಮೇಲೂ ಇಳಿಯಬಲ್ಲ ಆ ಪುಟ್ಟ ವಿಮಾನ. ರೆಕ್ಕೆಗೆ ಬಿಗಿದ ಬಟ್ಟೆಯನ್ನು ಬೆರಳಿನಿಂದ ಬಡಿದರೆ ತಮಟೆಯಂತೆ ನುಡಿಯಿತು. ತುಕ್ಕಿರಬಹುದೆಂದು ಎಲ್ಲಿ ಕೆರೆದು ನೋಡಿದರೂ ಕಬ್ಬಿಣ ಹೊಳೆಯುತ್ತಿತ್ತು. ಭೋಜರಾಜರಿಗೆ ಒಳಗೊಳಗೇ ಖುಷಿ, ಜತೆಗೆ ಸಂಕಟ. ಮಾತು ಕೊಟ್ಟಾಗಿದೆಯಲ್ಲ!

ಸೋದರಳಿಯ ಕಾಫಿ ತರಲು ಮನೆಯೊಳಗೆ ಹೋದ. ಶೆಡ್ಡಿನಲ್ಲಿ ಅತ್ತೆ ಮತ್ತು ಭೋಜರಾಜರು ಇಬ್ಬರೇ ಉಳಿದರು.

“ಬೇಜಾರು ಮಾಡ್ಕೋಬೇಡಿ ಅಮ್ಮಾ,” ಭೋಜರಾಜರು ಮುಖ ಸಪ್ಪಗೆ ಮಾಡಿಕೊಂಡು ಎಂಜಿನ್ನಿನ ಮೇಲೆ ಕೈಯೂರಿದರು. “ಇಪ್ಪತ್ತು ವರ್ಷದಿಂದ ತಿರುಗದೆ ಎಂಜಿನ್ ಜಾಮ್ ಆಗೋಗಿದೆ. ಇನ್ನು ಇದು ಮೇಲೇಳೋದಿಲ್ಲ... ಅಯ್ಯಪ್ಪಾ!”

ಚುರ್ರೆಂದು ಸುಟ್ಟ ಕೈಯನ್ನು ಅವರು ಥಟ್ಟನೆ ಹಿಂದಕ್ಕೆಳೆದುಕೊಂಡರು.

ಅತ್ತೆ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅವನಿಗೆ ಹಾಗೇ ಹೇಳಿ, ಪರವಾಗಿಲ್ಲ. ಇಳಿಯೋವಾಗ ಸ್ವಲ್ಪ ಎಡಕ್ಕೆ ಎಳೆಯುತ್ತೆ, ಅದೊಂದು ನೋಡ್ಕೊಡಿ.”