ಕೂರದ ಸ್ಪ್ಯಾನರ್

ಉಪಕರಣಗಳ ಪೆಟ್ಟಿಗೆ ಮುಚ್ಚಲು ಹೋದ ಹಿರಿಯ ಮೆಕ್ಯಾನಿಕ್‌ನ ಕೈ ಅಲ್ಲೇ ನಿಂತಿತು. ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದಲ್ಲಿ ಕೊರೆದ ಗೂಡು. ಒಂದು ಗೂಡು ಖಾಲಿ. ಅವನು ಈಗಷ್ಟೇ ರಿಪೇರಿ ಮಾಡಿ ಕಳಿಸಿದ ನೌಕಾಪಡೆಯ ಹೆಲಿಕಾಪ್ಟರ್ ಸಮುದ್ರದ ಮೇಲೆ ದೂರವಾಗುತ್ತಿತ್ತು; ಸ್ಪ್ಯಾನರ್ ಅದರ ಎಂಜಿನ್ನಿನೊಳಗೇ ಉಳಿದಿದ್ದರೆ? ಪೆಟ್ಟಿಗೆ ತುಂಬಿದೆಯೇ ಎಂದು ನೋಡದೆ ಇಡೀ ಸರ್ವಿಸಿನಲ್ಲಿ ಏನನ್ನೂ ಹಾರಲು ಬಿಟ್ಟವನಲ್ಲ. ಇವತ್ತು, ನಿವೃತ್ತಿಯ ದಿನ, ಕೈಕುಲುಕಲು ಬಂದವರ ಗದ್ದಲದಲ್ಲಿ ನೋಡದೆ ಬಿಟ್ಟುಬಿಟ್ಟಿದ್ದ.

ಕಂಟ್ರೋಲ್ ರೂಮಿಗೆ ಫೋನ್ ಮಾಡಲು ಹೊರಟವನ ಕೈಯನ್ನು ಜೊತೆಯ ಎಲೆಕ್ಟ್ರಿಷಿಯನ್ ನಗುತ್ತಾ ಹಿಡಿದ. "ಅಣ್ಣಾ, ಕೊನೇ ದಿನ ಮಾನ ಕಳ್ಕೋಬೇಡಿ. ಅದನ್ನ ಎತ್ತಿಟ್ಟಿದ್ದು ನಾವೇ. ಹೆಸರು ಕೆತ್ತಿಸಿ, ಫ್ರೇಮ್ ಹಾಕ್ಸಿ, ಸಂಜೆ ನಿಮಗೇ ಕೊಡೋಣ ಅಂತ." ಜೇಬಿನಿಂದ ಸ್ಪ್ಯಾನರ್ ತೆಗೆದುಕೊಟ್ಟ.

"ಹೋದ ಜೀವ ಬಂತಲ್ಲೋ, ಪಾಪಿ," ಎಂದು ಬೈಯುತ್ತಲೇ ಹಿರಿಯ ಅದನ್ನು ಗೂಡಿಗೆ ಒತ್ತಿದ. ಅದು ಕೂರಲಿಲ್ಲ. ತಿರುಗಿಸಿ ಒತ್ತಿದ. ಗೂಡೇ ಚಿಕ್ಕದು.

"ಯಾವ ಪೆಟ್ಟಿಗೆಯಿಂದ ತೆಗೆದೆ ಇದನ್ನ?"

ಎಲೆಕ್ಟ್ರಿಷಿಯನ್‌ನ ನಗು ಇಳಿಯಿತು. ಅವನು ಪಕ್ಕದ ಬೆಂಚಿನ ಮೇಲಿದ್ದ ಇನ್ನೊಂದು ಪೆಟ್ಟಿಗೆಯನ್ನು ನೋಡಿದ.

ಹಿರಿಯ ಫೋನಿಗೆ ಕೈ ಚಾಚಿದ. ಸಮುದ್ರದ ಕಡೆಯಿಂದ ಈಗ ಯಾವ ಸದ್ದೂ ಬರುತ್ತಿರಲಿಲ್ಲ.