ಎಂಟಕ್ಕೂ ಒಂದೇ ಬಣ್ಣ

ಎಂಟು ಸಿಲಿಂಡರ್‌ಗಳೂ ಆಕಾಶನೀಲಿಯಲ್ಲಿ ಮಿರಮಿರ ಮಿಂಚುತ್ತಿದ್ದವು. ಮರುದಿನ ವಿಮಾನ ರಿಪೇರಿಯ ಹ್ಯಾಂಗರ್ ನೋಡಲು ಕಂಪನಿಯ ನಿರ್ದೇಶಕರು ಬರುವವರಿದ್ದರು. ಮಾಸಲು ಸಿಲಿಂಡರ್‌ಗಳು ಅವರ ಕಣ್ಣಿಗೆ ಚುಚ್ಚಬಾರದೆಂದು ಸೂಪರ್‌ವೈಸರ್ ಪೇಂಟರನ್ನು ಕರೆಸಿದ್ದರು. ಪೇಂಟರ್ ಕೆಲಸಗಳ್ಳನಲ್ಲ. ಮೈಮೇಲಿನ ಬರಹ, ಕತ್ತಿನ ಚೀಟಿ, ಒಂದನ್ನೂ ಬಿಡದೆ ಬಳಿದಿದ್ದ.

"ಇದರಲ್ಲಿ ನೈಟ್ರೋಜನ್ ಯಾವುದು ಸಾರ್?" ಮೆಕ್ಯಾನಿಕ್ ಕೇಳಿದ. ವಿಮಾನದ ಚಕ್ರಕ್ಕೆ ಅದನ್ನು ತುಂಬಬೇಕಿತ್ತು.

"ಎಡಗಡೆ ನಾಲ್ಕು ನೈಟ್ರೋಜನ್, ಬಲಗಡೆ ನಾಲ್ಕು ಆಕ್ಸಿಜನ್. ಇಷ್ಟು ವರ್ಷ ಸರ್ವಿಸಾಗಿದೆ, ಕಣ್ಣು ಮುಚ್ಕೊಂಡು ಹೇಳ್ತೀನಿ" ಎಂದರು ಸೂಪರ್‌ವೈಸರ್.

ಮುಚ್ಚಿಕೊಂಡೇ ಹೇಳುತ್ತಿದ್ದೀರಿ ಎನ್ನಬೇಕೆಂದುಕೊಂಡ ಮೆಕ್ಯಾನಿಕ್, "ಹೌದು ಸಾರ್" ಎಂದ.

ಪೇಂಟರ್ ಬ್ರಶ್ ಒರೆಸುತ್ತ ಬಾಯಿ ಹಾಕಿದ. "ಒಣಗಲಿ ಅಂತ ಎಲ್ಲಾನೂ ಹೊರಗಿಟ್ಟಿದ್ನಲ್ಲ ಸಾರ್... ವಾಪಸ್ ತರುವಾಗ ಚೆಂದ ಕಾಣ್ಲಿ ಅಂತ ಎತ್ತರ ನೋಡ್ಕೊಂಡು ಜೋಡಿಸ್ದೆ."

"ಯಾವುದಾದ್ರೇನಯ್ಯಾ, ಎರಡೂ ಗಾಳೀನೇ ತಾನೇ? ಚಕ್ರಕ್ಕೇನು ಮೂಗಿದೆಯಾ ವಾಸನೆ ನೋಡೋಕೆ?" ಎಂದರು ಸೂಪರ್‌ವೈಸರ್. ಸಿಲಿಂಡರಿನ ಬಾಯಿ ನೋಡಿ ಗುರುತು ಹಿಡಿಯುವಂತೆಯೂ ಇರಲಿಲ್ಲ. ಬೇರೆ ಬೇರೆ ಅಳತೆಯ ಬಾಯಿಗಳಿಗೆಲ್ಲ ಒಂದೇ ಪೈಪು ಕೂರುವಂತೆ ಹಿಂದಿನ ತಿಂಗಳಷ್ಟೇ ಅಡಾಪ್ಟರ್ ಹಾಕಿಸಿ ಅವರು ಶಹಬಾಸ್ ಪಡೆದಿದ್ದರು.

"ಗ್ರೀಸ್ ಇರೋ ಕಡೆ ಒತ್ತಡದ ಆಕ್ಸಿಜನ್ ಹೋದ್ರೆ ಬೆಂಕಿ ಹತ್ಕೊಳ್ಳತ್ತೆ ಸಾರ್" ಎಂದ ಮೆಕ್ಯಾನಿಕ್.

"ನಿನ್ನ ಕೆಲಸ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ. ನನ್ನ ಸಹಿ ಒಂದು ಬಾಕಿ. ಜ್ಞಾಪಕ ಇದೆ ತಾನೇ?"

ಮೆಕ್ಯಾನಿಕ್‌ನ ಕಣ್ಣು ಮತ್ತೊಮ್ಮೆ ನೀಲಿ ಸಾಲಿನ ಮೇಲೆ ಹರಿಯಿತು. ತಾನೇ ಅತಿ ಮಾಡುತ್ತಿದ್ದೇನೆಯೇ? ಪೈಪು ಎತ್ತಿಕೊಂಡ. ಅದರ ತುದಿಯನ್ನು ಸೂಪರ್‌ವೈಸರ ಕೈಗಿತ್ತು, "ನೀವು ಚಕ್ರದ ಹತ್ರ ಹಿಡ್ಕೊಳ್ಳಿ ಸಾರ್, ನಾನು ತಿರುಗಿಸ್ತೀನಿ" ಎಂದ.

ಸೂಪರ್‌ವೈಸರಿಗೆ ತಟ್ಟನೆ ಒಂದು ಮೀಟಿಂಗ್ ನೆನಪಾಯಿತು. "ಆ ಕಾಗದ ಹರಿದು ಹಾಕ್ತೀನಿ ನೋಡ್ತಿರು!" ಎಂದು ಪೈಪು ಬಿಸಾಕಿ ಹೊರಟುಹೋದರು.

"ಅಣ್ಣಾ, ಮೇಲೆ ಏನಂತ ಬರೀಲಿ?" ಪೇಂಟರ್ ಕೇಳಿದ.

"ಗೊತ್ತಿಲ್ಲ."

"ಅಲ್ಲ, ಅಕ್ಷರ ಏನಂತ..."

"ಅದನ್ನೇ ಬರಿ. ಎಂಟಕ್ಕೂ."

ಮರುದಿನ ನಿರ್ದೇಶಕರು ನೀಲಿ ಸಾಲಿನೆದುರು ನಿಂತು ತಲೆದೂಗಿದರು. ಪಕ್ಕದಲ್ಲೇ ವಿಮಾನ ಗಾಳಿಯಿಲ್ಲದ ಚಕ್ರದ ಮೇಲೆ ವಾಲಿಕೊಂಡಿತ್ತು. ನಿರ್ದೇಶಕರು ಕನ್ನಡಕ ಮರೆತು ಬಂದಿದ್ದರು. "ಭೇಷ್! ಏನಿದೆ ಇವುಗಳಲ್ಲಿ?"

ಸೂಪರ್‌ವೈಸರ್ ಬಗ್ಗಿ, ನೆರಳು ಕೊಟ್ಟು ಬರೆದಿದ್ದ ಕೆಂಪಕ್ಷರಗಳನ್ನು ನೋಡಿದರು.

"ಗೊತ್ತಿಲ್ಲ ಸಾರ್."

ಸಿಲಿಂಡರಿನ ಮೇಲಿನ ಬರಹ ಓದಿ ಅವರು ಉತ್ತರ ಕೊಟ್ಟದ್ದು ಅಷ್ಟು ವರ್ಷದ ಸರ್ವಿಸಿನಲ್ಲಿ ಅದೇ ಮೊದಲು.